ಬೆಳಗಿಲ್ಲದ ಊರಲ್ಲಿ ನರಿಮುಖ

ಏಳುತ್ತಲೇ ನರಿಮುಖ ಕಂಡರೆ ಅದೃಷ್ಟ
ಎನ್ನುವುದು ನಮ್ಮ ಕಡೆಯ ಮಾತು.
ಇಲ್ಲಿ, ಅಲಾಸ್ಕಾದ ಉಟ್ಕಿಯಾಗ್ವಿಕ್‌ನಲ್ಲಿ,
ಅರವತ್ತು ಚಿಲ್ಲರೆ ದಿನ ಬೆಳಗೇ ಆಗುವುದಿಲ್ಲ.
ಎದ್ದದ್ದೆಂದು, ಮಲಗಿದ್ದೆಂದು
ಗಡಿಯಾರ ಹೇಳಿದ್ದನ್ನು ನಂಬಬೇಕು.
ಆದರೂ ಕಂಡೆ,
ಆಸ್ಪತ್ರೆಯ ಅಡುಗೆಮನೆಯ ಹಿಂಬಾಗಿಲಲ್ಲಿ
ಕಸದ ಚೀಲ ಹಿಡಿದು ನಿಂತವಳು.

ಬೀದಿದೀಪದ ಹಳದಿ ಮೈಮೇಲೆ ಬಿದ್ದು
ಬಿಳಿ ನರಿ ಕೆಂಪಗಿತ್ತು.
ಜೋಳದ ಹೊಲದ ಬದುವಿನದೇ
ಇಷ್ಟು ದೂರ ಬಂತೇ ಅಂದುಕೊಂಡೆ.
ಆಮೇಲೆ ಅದು ಎರಡು ಹೆಜ್ಜೆ ಕತ್ತಲಿಗೆ ಸರಿಯಿತು,
ಅಷ್ಟೇ.
ಹಿಮಕ್ಕೆ ಹಿಮ ಸೇರಿಹೋಗಿ
ಎರಡು ಕಣ್ಣು, ಒಂದು ಮೂಗು
ಅಂಗಿಯಿಂದ ಉದುರಿದ ಗುಂಡಿಗಳ ಹಾಗೆ ಉಳಿದವು.

ಫೋನು ಮಾಡಿದ್ದು ನಾನೇ.
ಗೋಡೆಯ ಚೀಟಿಯಲ್ಲಿ ಹಾಗೆಂದಿದೆ:
ಮನುಷ್ಯರಿಗೆ ಹೆದರದ ನರಿಗೆ ಹುಚ್ಚಿರಬಹುದು, ತಿಳಿಸಿ.

ಡೆಲ್ಬರ್ಟ್ ಬಂದ, ಬಂದೂಕಿನ ಜೊತೆ.
ಇದೇ ನೆಲದಲ್ಲಿ ಹುಟ್ಟಿದವನು, ಮಾತು ಕಡಿಮೆ.
ಕರಡಿಯ ಬೆನ್ನು ಹತ್ತಿ ಇವು ಕಡಲ ಮಂಜುಗಡ್ಡೆಯ ಮೇಲೆ
ದಿನಗಟ್ಟಲೆ ನಡೆಯುವುದನ್ನು ಕಂಡಿದ್ದಾನಂತೆ,
ಸೀಲಿನ ಎಂಜಲಿಗಾಗಿ.
ಕರಡಿ ತಿರುಗಿ ನೋಡಿತೋ, ನರಿ ಇಲ್ಲ.
ಕೊಂಬಿಲ್ಲ, ಹೆಡೆಯಿಲ್ಲ, ಮುಳ್ಳಿಲ್ಲ,
ಇಲ್ಲದಂತಿರುವುದೊಂದೇ ಅದಕ್ಕೆ ಗೊತ್ತಿರುವ ಗುರಾಣಿ.

ಅವನು ಗುರಿ ಹಿಡಿದ.
ನಾನು ಚೀಲ ಹಿಡಿದೇ ಇದ್ದೆ.

ನರಿ ನಮ್ಮಿಬ್ಬರನ್ನೂ ಲೆಕ್ಕಕ್ಕಿಡಲಿಲ್ಲ.
ತಲೆ ಒಂದಿಷ್ಟು ಓರೆ ಮಾಡಿ
ನೆಲವನ್ನು ಕಿವಿಯಿಂದ ನೋಡಿತು.
ಮೊಳದಾಳದ ಹಿಮದಡಿ, ಹುಲ್ಲಿನ ಬುಡ ಕಡಿಯುತ್ತ
ಹಿಡಿಗಾತ್ರದ ಲೆಮಿಂಗ್ ಇಲಿಯೊಂದು
ಸುರಂಗದಲ್ಲಿ ಓಡಾಡುತ್ತಿತ್ತು ಎಂದು
ನನಗೆ ಆಮೇಲೆ ಗೊತ್ತಾಯಿತು.
ಆಗ ಕೇಳಿದ್ದು ಜನರೇಟರಿನ ಗೊರಗೊರ,
ನನ್ನದೇ ಉಸಿರು ಮಫ್ಲರಿನಲ್ಲಿ ಹೆಪ್ಪುಗಟ್ಟುವ ಸಣ್ಣ ಸದ್ದು.

ನೆಗೆಯಿತು.
ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು
ಮೈ ಬಿಲ್ಲಾಗಿ, ಮೂತಿ ಬಾಣವಾಗಿ
ಭುಜದವರೆಗೆ ಹಿಮದಲ್ಲಿ ಹೂತು
ಬಾಲವೊಂದು ಮೇಲೆ.
ತಪ್ಪಿತು.
ಎದ್ದು, ಮುಖ ಕೊಡವಿ,
ಏನೂ ಆಗಿಲ್ಲವೆಂಬಂತೆ ಮತ್ತೆ ಕಿವಿಗೊಟ್ಟಿತು.
(ನಾನಾಗಿದ್ದರೆ ಸುತ್ತ ಯಾರು ನಕ್ಕರೆಂದು ನೋಡುತ್ತಿದ್ದೆ.)
ಎರಡನೆಯ ನೆಗೆತಕ್ಕೆ ಬಾಯಲ್ಲಿ ಕರಿಯದೊಂದು ಜೋತಾಡಿತು.

ಡೆಲ್ಬರ್ಟ್ ಬಂದೂಕು ಇಳಿಸಿದ.
'ಹುಚ್ಚು ಹಿಡಿದದ್ದು ಹೀಗೆ ಬೇಟೆಯಾಡಲ್ಲ. ಇದಕ್ಕಿರೋದು ಹಸಿವು.'
ಆಮೇಲೆ ನನ್ನ ಕೈ ನೋಡಿ:
'ಹುಚ್ಚು ಹಿಡಿಸೋದು ನಿಮ್ಮ ಕೋಳಿ ಮೂಳೆ.
ಚೀಲ ಬಿಗಿಯಾಗಿ ಕಟ್ಟು.'

ಮೈನಸ್ ಮೂವತ್ತೈದು.
ಮೂರು ಜೊತೆ ಕಾಲುಚೀಲದೊಳಗೆ ನನ್ನ ಬೆರಳು ಸತ್ತಿದ್ದವು.
ಅದರ ಪಾದದಡಿಯಲ್ಲೂ ಕೂದಲಂತೆ.
ಕಾಲಿಗಿಳಿಯುವ ಬಿಸಿ ರಕ್ತ
ಎದೆಗೇರುವ ತಣ್ಣನೆ ರಕ್ತಕ್ಕೆ
ದಾರಿಯಲ್ಲೇ ಕಾವು ದಾಟಿಸುತ್ತದಂತೆ,
ನೆರೆಮನೆಯವಳು ಬೇಲಿಯಾಚೆಯಿಂದ
ಚಿಪ್ಪಿನಲ್ಲಿ ಕೆಂಡ ಕೊಟ್ಟ ಹಾಗೆ.
ಬೇಸಿಗೆಯಲ್ಲಿ ಕದ್ದ ಹೆಬ್ಬಾತಿನ ಮೊಟ್ಟೆಗಳನ್ನು
ಕರಗದ ಮಣ್ಣಲ್ಲಿ ಹೂತಿಟ್ಟು
ಇಂಥ ದಿನಗಳಿಗೆ ತೆಗೆಯುತ್ತದಂತೆ.
ನನ್ನ ಫ್ರೀಜರಿನಲ್ಲೂ ಇದೆ
ಆಂಕರೇಜಿನಿಂದ ವಿಮಾನದಲ್ಲಿ ಬಂದ ಹಿತಕಿದ ಅವರೆ,
ಯಾವ ದಿನಕ್ಕೆಂದು ಇನ್ನೂ ಗೊತ್ತಿಲ್ಲ.

ನರಿ ಕೂಗು ಗಿರಿ ಮುಟ್ಟೀತೇ ಎನ್ನುತ್ತಿದ್ದರು.
ಗಿರಿಯೇ ಇಲ್ಲದ ಈ ಬಯಲಲ್ಲಿ
ರಾತ್ರಿ ಒಂದು ಕೂಗು ಕೇಳಿತು,
ತಡೆಯುವುದು ಏನೂ ಇಲ್ಲದೆ
ಹೋಗುತ್ತಲೇ ಇತ್ತು.
ಈಗ ಅದು ಎಲ್ಲೋ ದಿಬ್ಬದ ಮರೆಗೆ ಸುರುಳಿಯಾಗಿ
ಬಾಲವನ್ನೇ ಮೂಗಿಗೆ ಹೊದ್ದಿರಬೇಕು.

ಇವತ್ತು ಚೀಲಕ್ಕೆ ಎರಡು ಗಂಟು.
ತೊಟ್ಟಿಯವರೆಗೆ ಬಂದ ಹೆಜ್ಜೆಗುರುತು,
ದಾರ ಹಿಡಿದಂತೆ ನೇರ,
ಅಲ್ಲಿ ಒಮ್ಮೆ ನಿಂತು
ಬಯಲಿಗೆ ತಿರುಗಿದೆ.
ನರಿಮುಖ ಕಾಣಲಿಲ್ಲ.
ಎದ್ದೊಡನೆ ನನ್ನ ಮುಖ ಕಾಣದ
ಅದೃಷ್ಟ ಅದರದ್ದು.